ಮಾವ ವರ್ಷಕ್ಕೆ ಒಂದೇ ಸಲ ಹುಟ್ಟಲಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು, ನೆಂಟರಿಷ್ಟರ ಹುಟ್ಟುಹಬ್ಬಗಳನ್ನು ಫೋನಿನಲ್ಲಿ ಸರಿಯಾಗಿ ಬರೆದಿಡುವುದರ ಬಗ್ಗೆ.

ಕೊಡಗಿನ ಯಾವ ಮನೆಯ ಫೋನಾದರೂ ಸರಿ, ಹೆಸರಿನ ಪಟ್ಟಿ ತೆರೆದು ನೋಡಿ. ‘ಮಾವ ಜಿಯೋ’, ‘ಮಾವ ಬಿಎಸ್ಸೆನ್ನೆಲ್’, ‘ಮಾವ ತೋಟ’. ಮಾವ ಒಬ್ಬರೇ. ಮನೆಯಲ್ಲಿ ಒಂದು ನೆಟ್‌ವರ್ಕ್ ಸಿಕ್ಕಿದರೆ ತೋಟದಲ್ಲಿ ಇನ್ನೊಂದು, ಹಾಗಾಗಿ ನಂಬರು ಮೂರು, ಹೆಸರೂ ಮೂರು. ಎರಡು ಹೆಸರಿಗೆ ಹುಟ್ಟಿದ ದಿನ ಹಾಕಿಬಿಟ್ಟರೆ ಕ್ಯಾಲೆಂಡರಿನಲ್ಲಿ ಮಾವ ವರ್ಷಕ್ಕೆ ಎರಡು ಸಲ ಹುಟ್ಟುತ್ತಾರೆ. ಒಂದರಲ್ಲಿ ತಾರೀಖು ತಪ್ಪಿದ್ದರೆ ಬೇರೆ ಬೇರೆ ದಿನ ಹುಟ್ಟುತ್ತಾರೆ.

ಆದ್ದರಿಂದ ಮೊದಲ ಕೆಲಸ, ಮೂವರು ಮಾವಂದಿರನ್ನು ಒಬ್ಬರನ್ನಾಗಿ ಮಾಡುವುದು. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ಒಂದು ಹೆಸರನ್ನು ಒತ್ತಿ ಹಿಡಿಯಿರಿ, ಉಳಿದವನ್ನೂ ಆರಿಸಿ, ಮೇಲಿನ ಮೂರು ಚುಕ್ಕಿಯಲ್ಲಿ ‘ಮರ್ಜ್’ ಒತ್ತಿ. ನಂಬರುಗಳೆಲ್ಲ ಒಂದೇ ಹೆಸರಿನಡಿ ಉಳಿಯುತ್ತವೆ, ಯಾವುದೂ ಅಳಿಯುವುದಿಲ್ಲ. ಆ್ಯಪ್ ತಾನಾಗಿಯೇ ಜೋಡಿ ಹುಡುಕಿಕೊಡುವುದೂ ಉಂಟು, ಆದರೆ ನಾವಿಟ್ಟ ಹೆಸರುಗಳೇ ಬೇರೆ ಬೇರೆಯಾದ್ದರಿಂದ ಅದನ್ನು ನಂಬಿ ಕೂರಬೇಡಿ.

ಎರಡನೆಯದು, ಹೆಸರು ಎಲ್ಲಿ ಉಳಿದಿದೆ ಎಂಬುದು. ಸಿಮ್ ಕಾರ್ಡಿನಲ್ಲಿ ಹುಟ್ಟಿದ ದಿನಕ್ಕೆ ಜಾಗವೇ ಇಲ್ಲ. ಹೆಸರು, ನಂಬರು ಹಿಡಿದರೆ ಅದರ ಕೆಲಸ ಮುಗಿಯಿತು. ಫೋನಿನ ಒಳಗೇ ಉಳಿಸಿದರೆ ಫೋನು ಹೊಳೆಗೆ ಬಿದ್ದ ದಿನ ತಾರೀಖೂ ಹೊಳೆಗೆ. ಗೂಗಲ್ ಖಾತೆಗೆ ಉಳಿಸಿದ್ದು ಮಾತ್ರ ಹೊಸ ಫೋನಿಗೆ ತಾನಾಗಿ ಬರುತ್ತದೆ. ಹೊಸ ಹೆಸರು ಬರೆಯುವಾಗ ಮೇಲ್ಗಡೆ ‘ಸೇವ್ ಟು’ ಎಂದು ಇರುತ್ತದಲ್ಲ, ಅಲ್ಲಿ ನಿಮ್ಮ ಜಿಮೇಲ್ ವಿಳಾಸ ಇದೆಯೇ ನೋಡಿಕೊಳ್ಳಿ. ಇದೊಂದನ್ನು ನೋಡದೆ ಎಷ್ಟೋ ಮನೆಗಳಲ್ಲಿ ಪಟ್ಟಿಯೇ ಹೋಗಿದೆ.

ಈಗ ತಾರೀಖು. ಹೆಸರು ತೆರೆದು ‘ಎಡಿಟ್’ ಒತ್ತಿದರೆ ಕೆಳಗೆ ‘ಬರ್ತ್‌ಡೇ’ ಖಾನೆ ಸಿಗುತ್ತದೆ. ವರ್ಷ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಅಂದಾಜಿನದ್ದು ಹಾಕಬೇಡಿ. ಇಲ್ಲೊಂದು ತಮಾಷೆ ಇದೆ. ಐಫೋನಿನಲ್ಲಿ ವರ್ಷ ಬಿಟ್ಟು ಬರೆದ ಹುಟ್ಟುಹಬ್ಬವನ್ನು ಫೈಲ್ ಮಾಡಿ ಬೇರೆಡೆಗೆ ಕಳಿಸಿದರೆ, ಖಾಲಿ ಜಾಗದಲ್ಲಿ 1604 ಎಂಬ ವರ್ಷ ಕೂತಿರುತ್ತದೆ. ಅದು ‘ವರ್ಷ ಇಲ್ಲ’ ಎಂಬುದಕ್ಕೆ ಆ ಫೋನಿನ ಗುರುತು. ಗುರುತು ತಿಳಿಯದ ಆ್ಯಪು ನಿಮ್ಮ ಅಜ್ಜಿಗೆ ನಾನೂರು ದಾಟಿತೆಂದು ತೋರಿಸುತ್ತದೆ. ಅಂಥದ್ದು ಕಂಡರೆ ಗಾಬರಿಯಾಗದೆ ವರ್ಷವನ್ನು ಅಳಿಸಿ.

ಅಂಕಿಯಲ್ಲಿ ತಾರೀಖು ಬರೆದು ವಾಟ್ಸಾಪಿನಲ್ಲಿ ಕಳಿಸುವುದರಲ್ಲೂ ಮೋಸ ಹೋಗುತ್ತೇವೆ. ಜನರಲ್ ತಿಮ್ಮಯ್ಯನವರು ಹುಟ್ಟಿದ್ದು 31/3. ಮೂವತ್ತೊಂದನೇ ತಿಂಗಳು ಇಲ್ಲವಾದ್ದರಿಂದ ಯಾರಿಗೂ ತಪ್ಪುವುದಿಲ್ಲ. ಆದರೆ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಹುಟ್ಟಿದ ಮಗುವಿಗೆ 3/9 ಎಂದು ಬರೆದರೆ, ತಿಂಗಳನ್ನು ಮೊದಲು ಓದುವ ಅಮೆರಿಕದ ಕ್ರಮದಲ್ಲಿ ಅದು ಮಾರ್ಚ್ 9 ಆಗುತ್ತದೆ. 3 ಸೆಪ್ಟೆಂಬರ್ ಎಂದು ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಹಿರಿಯರದು ಬೇರೆಯೇ ಕತೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ ಒಂದು, ಹುಟ್ಟಿದ ದಿನ ಇನ್ನೊಂದು. ‘ಬರ್ತ್‌ಡೇ’ ಖಾನೆಗೆ ನಿಜವಾದದ್ದನ್ನೇ ಹಾಕಿ. ದಾಖಲೆಯ ದಿನ ಪಿಂಚಣಿಗೆ, ವಿಮೆಗೆ, ಬ್ಯಾಂಕಿಗೆ ಬೇಕಾಗುತ್ತದಾದ್ದರಿಂದ ಅದೇ ಹೆಸರಿನ ‘ನೋಟ್ಸ್’ ಜಾಗದಲ್ಲಿ ಬರೆದಿಡಿ. ನೋಟ್ಸ್‌ನಲ್ಲಿ ಬರೆದದ್ದು ಕ್ಯಾಲೆಂಡರಿಗೆ ಹೋಗುವುದಿಲ್ಲ, ಆದ್ದರಿಂದ ಗೊಂದಲವಿಲ್ಲ.

ತಿಥಿ, ನಕ್ಷತ್ರ ನೋಡಿ ಹುಟ್ಟುಹಬ್ಬ ಮಾಡುವ ಮನೆಯವರು ‘ಪ್ರತಿ ವರ್ಷ’ ಎಂಬ ಆಯ್ಕೆಯನ್ನು ಮುಟ್ಟಲೇಬಾರದು. ಚಾಂದ್ರಮಾನದ ತಿಥಿ ಇಂಗ್ಲಿಷ್ ತಾರೀಖಿಗಿಂತ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಅಧಿಕ ಮಾಸ ಬಂದಾಗ 19 ದಿನದಷ್ಟು ಮುಂದೆ ನೆಗೆಯುತ್ತದೆ. ‘ಪ್ರತಿ ವರ್ಷ’ ಎಂಬ ಆಯ್ಕೆಗೆ ಇದರ ಲೆಕ್ಕವಿಲ್ಲ. ಹೊಸ ಪಂಚಾಂಗ ಕೈಗೆ ಬಂದ ದಿನ ಒಂದರ್ಧ ಗಂಟೆ ಕೂತು ಆ ವರ್ಷದ ತಾರೀಖುಗಳನ್ನು ಬಿಡಿಬಿಡಿಯಾಗಿ ಹಾಕಿ.

ಇಷ್ಟು ಒಬ್ಬರ ಫೋನಿನ ಮಾತು. ಇಡೀ ಒಕ್ಕಕ್ಕೆ, ಅಂದರೆ ಒಂದೇ ಮನೆತನದವರಿಗೆಲ್ಲ ಬೇಕೆಂದರೆ, ಗೂಗಲ್‌ನ ಬರ್ತ್‌ಡೇ ಕ್ಯಾಲೆಂಡರನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಬರುವುದಿಲ್ಲ. ಪ್ರತ್ಯೇಕ ಕ್ಯಾಲೆಂಡರ್ ಮಾಡಬೇಕು. ಕಂಪ್ಯೂಟರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು ಎಡಗಡೆ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಕೂಡು ಗುರುತು ಒತ್ತಿ, ಹೊಸದಕ್ಕೆ ಹೆಸರಿಡಿ. ಆಮೇಲೆ ಅದರ ಸೆಟ್ಟಿಂಗ್ಸ್‌ನಲ್ಲಿ ಒಬ್ಬೊಬ್ಬರ ಇಮೇಲ್ ಸೇರಿಸಿ. ತಿದ್ದುವ ಅಧಿಕಾರ ಇಬ್ಬರಿಗೆ ಸಾಕು, ಉಳಿದವರಿಗೆ ನೋಡುವುದಷ್ಟೇ ಇರಲಿ. ಎಲ್ಲರಿಗೂ ಕೊಟ್ಟರೆ ಯಾರೋ ಒಬ್ಬರು ತಮ್ಮ ಫೋನಿನಲ್ಲಿ ಬೇಡವೆಂದು ಅಳಿಸಿದ್ದು ಎಲ್ಲರ ಫೋನಿನಿಂದಲೂ ಅಳಿಯುತ್ತದೆ. ಸೇರಿಸಿದವರಿಗೆ ಒಂದು ಇಮೇಲ್ ಹೋಗುತ್ತದೆ, ಅದರಲ್ಲಿನ ಕೊಂಡಿ ಒತ್ತಿದರೆ ಮಾತ್ರ ಕ್ಯಾಲೆಂಡರ್ ಕಾಣುತ್ತದೆ. ಇಮೇಲ್ ನೋಡದ ದೊಡ್ಡವರಿಗೆ ಪಕ್ಕದಲ್ಲಿ ಕೂತು ಒತ್ತಿಸಿ.

ಇಲ್ಲಿ ಬಂಧುತ್ವದ ಹೆಸರು ನಡೆಯುವುದಿಲ್ಲ. ನಿಮಗೆ ದೊಡ್ಡಮ್ಮ ಆದವರು ಇನ್ನೊಬ್ಬರಿಗೆ ಅಮ್ಮ, ಮತ್ತೊಬ್ಬರಿಗೆ ಅತ್ತೆ. ಬರೀ ಹೆಸರೂ ಸಾಲದು, ಬೊಳ್ಳಮ್ಮ ಎಂದರೆ ಯಾವ ಬೊಳ್ಳಮ್ಮ? ಮನೆಹೆಸರು ಮೊದಲು, ಹೆಸರು ಆಮೇಲೆ, ಊರು ಕೊನೆಗೆ. ಹಾಗೆಯೇ ಇದರಲ್ಲಿ ಹುಟ್ಟಿದ ವರ್ಷ ಬೇಡ. ಪೂರ್ಣ ಜನ್ಮದಿನಾಂಕ ಹತ್ತು ಜನರ ಫೋನಿನಲ್ಲಿ ಓಡಾಡುವುದು ಒಳ್ಳೆಯದಲ್ಲ. ನಿಮ್ಮ ಕಾಂಟ್ಯಾಕ್ಟ್ಸ್‌ನಲ್ಲಿ ಆಗಲೇ ಇರುವವರು ಇಲ್ಲೂ ಬಂದರೆ ಮತ್ತೆ ಎರಡೆರಡು ಸಲ ಹುಟ್ಟುತ್ತಾರೆ. ಆಗ ನಿಮ್ಮ ಫೋನಿನ ಕ್ಯಾಲೆಂಡರ್ ಆ್ಯಪಿನಲ್ಲಿ ‘ಬರ್ತ್‌ಡೇಸ್’ ಮುಂದಿನ ಟಿಕ್ ತೆಗೆದುಬಿಡಿ.

ಪ್ರತಿಯೊಂದನ್ನೂ ‘ಆಲ್ ಡೇ’ ಎಂದೇ ಹಾಕಬೇಕು. ರಾತ್ರಿ ಹನ್ನೆರಡು ಗಂಟೆ ಎಂದು ಸಮಯ ಕೊಟ್ಟರೆ ದುಬೈಯಲ್ಲಿರುವ ತಮ್ಮನ ಫೋನಿನಲ್ಲಿ ಅದು ಹಿಂದಿನ ದಿನ ರಾತ್ರಿ 10:30 ಆಗುತ್ತದೆ. ಫೆಬ್ರವರಿ 29ರಂದು ಹುಟ್ಟಿದವರಿಗೆ ‘ಪ್ರತಿ ವರ್ಷ’ ಎಂದರೆ ಹಲವು ಕ್ಯಾಲೆಂಡರುಗಳು 2024ರ ನಂತರ 2028ಕ್ಕೇ ಎದ್ದೇಳುತ್ತವೆ. ಅವರನ್ನೇ ಕೇಳಿ 28ಕ್ಕೋ ಮಾರ್ಚ್ 1ಕ್ಕೋ ಹಾಕಿ.

ಉಳಿದದ್ದು ಗಂಟೆ ಬಾರಿಸುವುದು. ಹಂಚಿದ ಕ್ಯಾಲೆಂಡರಿನ ಜ್ಞಾಪನೆ ತಾನಾಗಿ ಎಲ್ಲರಿಗೂ ಹೋಗುವುದಿಲ್ಲ, ಅವರವರ ಫೋನಿನಲ್ಲಿ ಅವರವರೇ ಇಡಬೇಕು. ಐಫೋನಿನವರು ಕ್ಯಾಲೆಂಡರ್ ಸೆಟ್ಟಿಂಗ್ಸ್‌ನ ‘ಡಿಫಾಲ್ಟ್ ಅಲರ್ಟ್ ಟೈಮ್ಸ್’ ತೆರೆದರೆ ಹುಟ್ಟುಹಬ್ಬಕ್ಕೇ ಬೇರೆ ಸಾಲಿದೆ: ಅದೇ ದಿನ ಬೆಳಗ್ಗೆ 9, ಒಂದು ದಿನ ಮೊದಲು, ಎರಡು ದಿನ ಮೊದಲು, ಒಂದು ವಾರ ಮೊದಲು. ಬರೀ ಫೋನ್ ಮಾಡುವುದಾದರೆ ಅದೇ ದಿನ ಸಾಕು. ಬೆಂಗಳೂರಿಗೆ ಜೇನೋ ಕಾಫಿಪುಡಿಯೋ ಕಳಿಸುವುದಿದ್ದರೆ ಒಂದು ವಾರ ಬೇಕೇ ಬೇಕು. ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ ಟವರ್ ನಿಂತರೂ, ಮೊದಲೇ ಫೋನಿಗೆ ಇಳಿದಿರುವ ಜ್ಞಾಪನೆ ಬಾರಿಸುತ್ತದೆ, ಚಾರ್ಜ್ ಇದ್ದರಾಯಿತು. ಆ ಹೊತ್ತಿನಲ್ಲಿ ಹೊಸದಾಗಿ ಸೇರಿಸಿದ್ದು ಮಾತ್ರ ನೆಟ್‌ವರ್ಕ್ ಬರುವವರೆಗೆ ಬೇರೆಯವರಿಗೆ ತಲುಪುವುದಿಲ್ಲ.

ಎಲ್ಲ ಮುಗಿದ ಮೇಲೆ ನಾಳಿನ ತಾರೀಖಿಗೆ ‘ಪರೀಕ್ಷೆ’ ಎಂದು ಒಂದು ಸುಳ್ಳು ಹುಟ್ಟುಹಬ್ಬ ಹಾಕಿ ನೋಡಿ. ಹೇಳಿದ ಹೊತ್ತಿಗೆ ಬಾರಿಸದಿದ್ದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಲೆಂಡರ್ ಆ್ಯಪಿಗೆ ನೋಟಿಫಿಕೇಶನ್ ಅನುಮತಿ ಇದೆಯೇ, ಬ್ಯಾಟರಿ ಉಳಿತಾಯದ ನೆಪದಲ್ಲಿ ಅದನ್ನು ಮಲಗಿಸಿದೆಯೇ ಎಂದು ನೋಡಿ. ಬಾರಿಸಿದರೆ ಆ ಪರೀಕ್ಷೆಯನ್ನು ಮರೆಯದೆ ಅಳಿಸಿ, ಇಲ್ಲದಿದ್ದರೆ ಮುಂದಿನ ವರ್ಷವೂ ಬರುತ್ತದೆ.

ನಮಸ್ಕಾರ.