ಹೆಪಾರಿನ್ ಕೊಟ್ಟಾಗ ಪ್ಲೇಟ್‌ಲೆಟ್ ಇಳಿದರೆ

ಕೇಳುಗರಿಗೆ ನಮಸ್ಕಾರ. ಪ್ಲೇಟ್‌ಲೆಟ್ ಅಂದ ಕೂಡಲೇ ನಮಗೆ ನೆನಪಾಗುವುದು ಡೆಂಗ್ಯೂ, ಅಲ್ವಾ? ಕೌಂಟ್ ಇಳಿದರೆ ಎಲ್ಲಿ ರಕ್ತಸ್ರಾವ ಆಗುತ್ತದೋ ಅನ್ನುವ ಭಯ. ಆದರೆ ಹೆಪಾರಿನ್ ಇಂಜೆಕ್ಷನ್‌ನಿಂದ ಕೌಂಟ್ ಇಳಿದಾಗ ಲೆಕ್ಕ ಉಲ್ಟಾ. ಅಲ್ಲಿ ಜಾಸ್ತಿ ಹೆದರಬೇಕಾದ್ದು ರಕ್ತ ಹೆಪ್ಪುಗಟ್ಟುವುದಕ್ಕೆ.

ರಕ್ತ ಹೆಪ್ಪುಗಟ್ಟದಿರಲಿ ಅಂತಲೇ ಹೆಪಾರಿನ್ ಕೊಡುತ್ತಾರೆ. ಹೃದಯದ ಆಪರೇಷನ್, ಮಂಡಿ ಬದಲಾವಣೆ, ಡಯಾಲಿಸಿಸ್ ಇಂಥ ಕಡೆ ಅದನ್ನು ಬಳಸುವುದುಂಟು. ಬಹಳಷ್ಟು ಜನಕ್ಕೆ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ, ಪ್ಲೇಟ್‌ಲೆಟ್‌ನಿಂದ ಹೊರಬರುವ ಒಂದು ಪ್ರೋಟೀನ್ ಹೆಪಾರಿನ್‌ಗೆ ಅಂಟಿಕೊಳ್ಳುತ್ತದೆ. ಈ ಜೋಡಿಯ ಮೇಲೆ ದೇಹ ಪ್ರತಿಕಾಯಗಳನ್ನು ಬಿಡುತ್ತದೆ. ಅವು ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತವೆ. ಕೆರಳಿದ ಪ್ಲೇಟ್‌ಲೆಟ್‌ಗಳು ರಕ್ತನಾಳದಲ್ಲೇ ಹೆಪ್ಪುಗಟ್ಟಿ ಖರ್ಚಾಗುತ್ತವೆ. ಕೌಂಟ್ ಇಳಿಯುತ್ತದೆ.

ಸಾಮಾನ್ಯವಾಗಿ ಇದು ಹೆಪಾರಿನ್ ಶುರುವಾಗಿ 5ರಿಂದ 10 ದಿನದೊಳಗೆ ಕಾಣುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಹೆಪಾರಿನ್ ಪಡೆದವರಲ್ಲಿ ಒಂದೇ ದಿನದಲ್ಲೂ ಇಳಿಯಬಹುದು. ಇಲ್ಲೊಂದು ಮೋಸವಿದೆ. 3 ಲಕ್ಷ ಇದ್ದದ್ದು 1 ಲಕ್ಷ 40 ಸಾವಿರಕ್ಕೆ ಬಂದಿದೆ ಅನ್ನಿ. ರಿಪೋರ್ಟ್ ನೋಡಿದವರು “ನಾರ್ಮಲ್‌ಗಿಂತ ಸ್ವಲ್ಪ ಕಡಿಮೆ, ಅಷ್ಟೇ” ಅಂದುಬಿಡುತ್ತಾರೆ. ಆದರೆ ಅರ್ಧಕ್ಕಿಂತ ಜಾಸ್ತಿ ಹೋಗಿದೆಯಲ್ಲ! ಹಾಗಾಗಿ ಇವತ್ತಿನ ಅಂಕಿಯೊಂದನ್ನೇ ನೋಡಬೇಡಿ, ಮೊದಲ ದಿನದ ಅಂಕಿಯ ಪಕ್ಕ ಇಟ್ಟು ನೋಡಿ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಇಂಜೆಕ್ಷನ್ ಚುಚ್ಚಿದ ಜಾಗ ಕಪ್ಪಾಗುವುದು ಕಂಡರೆ ತಕ್ಷಣ ಹೇಳಿ.

ಅನುಮಾನ ಬಲವಾಗಿದ್ದರೆ ಡಾಕ್ಟರು ರಕ್ತಪರೀಕ್ಷೆಯ ಉತ್ತರಕ್ಕೆ ಕಾಯುವುದಿಲ್ಲ. ಹೆಪಾರಿನ್ ಪೂರ್ತಿ ನಿಲ್ಲಿಸುತ್ತಾರೆ. ಪೂರ್ತಿ ಅಂದರೆ, ಕೈಗೆ ಹಾಕಿದ ಸೂಜಿಯ ನಳಿಕೆ ಕಟ್ಟಿಕೊಳ್ಳದಿರಲಿ ಅಂತ ಬಿಡುವ ನಾಲ್ಕು ಹನಿಯೂ ಸೇರಿ. ಹೊಟ್ಟೆಗೆ ಚುಚ್ಚುವ ಎನಾಕ್ಸಪಾರಿನ್ ಕೂಡ ಅದೇ ಜಾತಿಯದ್ದು, ಅದೂ ಬೇಡ. ಸುಮ್ನೆ ನಿಲ್ಲಿಸಿದರೂ ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಅರ್ಗಾಟ್ರೋಬಾನ್ ಅಥವಾ ಫೊಂಡಾಪರಿನಕ್ಸ್‌ನಂಥ ಬೇರೆ ಔಷಧಿ ಶುರು ಮಾಡಬೇಕು. ಹೆಪ್ಪು ತಡೆಯಲೆಂದೇ ಕೊಡುವ ವಾರ್ಫರಿನ್ ಮಾತ್ರೆಗೆ ಮಾತ್ರ ಅವಸರ ಕೂಡದು. ಕೌಂಟ್ 1.5 ಲಕ್ಷ ಮುಟ್ಟುವ ಮೊದಲೇ ಕೊಟ್ಟರೆ ಚರ್ಮ, ಕೈಕಾಲು ಕೊಳೆಯುವ ಅಪಾಯವಿದೆ.

ಮನೆಯವರು ಪ್ಲೇಟ್‌ಲೆಟ್ ಚೀಲಕ್ಕಾಗಿ ಬ್ಲಡ್ ಬ್ಯಾಂಕಿಗೆ ಓಡುವುದುಂಟು. ರಕ್ತಸ್ರಾವ ಇಲ್ಲದಿದ್ದರೆ ಇಲ್ಲಿ ಅದು ಸಾಮಾನ್ಯವಾಗಿ ಬೇಡ.

ಡಿಸ್ಚಾರ್ಜ್ ಚೀಟಿಯಲ್ಲಿ “ಹೆಪಾರಿನ್ ಕೊಡಬಾರದು” ಅಂತ ದೊಡ್ಡದಾಗಿ ಬರೆಸಿಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಆ ಚೀಟಿ ತೋರಿಸಿ. ನಮಸ್ಕಾರ.