ಡೈನಮೋಗೆ ಹೆಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಕಾರು ಓಡಿಸಿದವರಿಗೆ ಆ ಕೆಂಪು ದೀಪ ಗೊತ್ತಿರುತ್ತದೆ. ಕೀಲಿ ತಿರುಗಿಸಿದ ಕೂಡಲೇ ಮೀಟರಿನ ಹತ್ತಿರ ಹತ್ತಿಕೊಳ್ಳುತ್ತದೆ. ಇಂಜಿನ್ ಶುರುವಾಗಿ ಆಕ್ಸಿಲರೇಟರ್ ಸ್ವಲ್ಪ ತುಳಿದರೆ ಆರಿಹೋಗುತ್ತದೆ. ಆರಿದರೆ ಸುಖ. ಸೋದರಮಾವನ ಕಡೆಯಿಂದ ನನ್ನ ಪಾಲಿಗೆ ಬಂದ 1953ರ ಮಾರಿಸ್ ಮೈನರ್‌ನಲ್ಲಿ ಹೋದ ವರ್ಷ ಅದು ಆರಲಿಲ್ಲ. ಸಂಜೆ ಹುಣಸೂರಿನಿಂದ ಮೈಸೂರಿಗೆ ಬರುತ್ತಿದ್ದೆ. ಬಿಳಿಕೆರೆ ದಾಟುವಾಗ ದೀಪ ಹತ್ತಿತು. ಇಲವಾಲದ ಹೊತ್ತಿಗೆ ಹೆಡ್‌ಲೈಟ್ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಮನೆ ಮುಂದೆ ನಿಲ್ಲಿಸಿದಾಗ ಹಾರನ್ನು ಕೂಗಲಿಲ್ಲ, ಕೆಮ್ಮಿತು.

ಇಂಜಿನ್ನಿನ ಜೊತೆ ತಿರುಗಿ ವಿದ್ಯುತ್ತು ಹುಟ್ಟಿಸುವ, ಬ್ಯಾಟರಿ ತುಂಬುವ ಡೈನಮೋ ಕೈಕೊಟ್ಟಿತ್ತು. ಅದನ್ನು ಬಿಚ್ಚಿ, ಒಳಗೆಲ್ಲ ಸರಿಮಾಡಿ, ಹೊರಗೆ ಬಣ್ಣ ಹೊಡೆದ ಕಥೆಯೇ ಇವತ್ತಿನ ಮಾತು. ನಾನು ಮೂವತ್ತು ವರ್ಷ ಭೌತಶಾಸ್ತ್ರದ ಮೇಷ್ಟ್ರಾಗಿದ್ದವನು. ಕಪ್ಪು ಹಲಗೆಯ ಮೇಲೆ ಎಷ್ಟು ಡೈನಮೋ ಬರೆದಿದ್ದೇನೋ ಲೆಕ್ಕವಿಲ್ಲ. ನಿಜವಾದ ಒಂದನ್ನೂ ಬಿಚ್ಚಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಆ ಕೆಂಪು ದೀಪದ ವಿಷಯ ಮುಗಿಸಿಬಿಡುತ್ತೇನೆ. ಅದರ ಒಂದು ತುದಿ ಬ್ಯಾಟರಿಯ ಕಡೆ, ಇನ್ನೊಂದು ತುದಿ ಡೈನಮೋ ಕಡೆ. ಡೈನಮೋ ನಿಂತಿದ್ದಾಗ ಬ್ಯಾಟರಿಯ ವಿದ್ಯುತ್ತು ಆ ಕಡೆಗೆ ಹರಿಯುತ್ತದೆ, ದಾರಿಯಲ್ಲಿರುವ ದೀಪ ಉರಿಯುತ್ತದೆ. ಡೈನಮೋ ತಿರುಗಿ ಬ್ಯಾಟರಿಯ ಸರಿಸಮಕ್ಕೆ ಬಂತೆನ್ನಿ, ಆಗ ಸಮಬಲದ ಹಗ್ಗಜಗ್ಗಾಟ. ಹಗ್ಗ ಅಲುಗುವುದಿಲ್ಲ, ದೀಪ ಆರುತ್ತದೆ. ಬೇರೆ ಯಾವ ಗುಟ್ಟೂ ಇಲ್ಲ.

ಈ ಡೈನಮೋ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯದು, ಮಾದರಿ ಸಿ39ಪಿವಿ2. 39 ಅಂದರೆ ಪೀಪಾಯಿಯ, ಅಂದರೆ ಅದರ ದುಂಡನೆಯ ಹೊರಮೈಯ, ಅಡ್ಡಳತೆ 3.9 ಇಂಚು. 12 ವೋಲ್ಟ್, ಹೆಚ್ಚೆಂದರೆ 19 ಆಂಪಿಯರ್. ಗುಣಿಸಿ ನೋಡಿದರೆ ಸುಮಾರು 230 ವಾಟ್, ನಿಮ್ಮ ಅಡುಗೆಮನೆಯ ಮಿಕ್ಸಿ ತಿನ್ನುವುದರಲ್ಲಿ ಅರ್ಧವೂ ಇಲ್ಲ. ಅಷ್ಟರಲ್ಲೇ ದೀಪ, ವೈಪರ್, ಹಾರನ್, ಇಂಜಿನ್ನಿನ ಕಿಡಿ, ಬ್ಯಾಟರಿಯ ಹೊಟ್ಟೆ ಎಲ್ಲವೂ ತುಂಬಬೇಕು. ಬಡ ಸಂಸಾರ. ಆಗ ನಮ್ಮಲ್ಲಿ ಇದೇ ಮೈನರ್ ಬೇಬಿ ಹಿಂದುಸ್ತಾನ್ ಅನ್ನುವ ಹೆಸರಿನಲ್ಲೂ ಓಡಾಡುತ್ತಿತ್ತು. ಇವತ್ತು ಕೇಳುತ್ತಿರುವ ಹಿರಿಯರಲ್ಲಿ ಕೆಲವರಾದರೂ ಅದರಲ್ಲಿ ಕೂತಿರುತ್ತೀರಿ.

ಇಂಗ್ಲೆಂಡಿನ ಹಳೇ ಕಾರಿನ ಹುಚ್ಚರು ಲ್ಯೂಕಾಸ್ ಅವರನ್ನು ‘ಕತ್ತಲೆಯ ರಾಜಕುಮಾರ’ ಅಂತ ಗೇಲಿ ಮಾಡುವುದುಂಟು. ನನಗದು ಅನ್ಯಾಯ ಅನ್ನಿಸುತ್ತದೆ. ಎಪ್ಪತ್ತು ವರ್ಷ ದುಡಿದ ಯಂತ್ರದಲ್ಲಿ ನಾನು ಕಂಡ ರೋಗ ಎರಡೇ: ಸವೆದ ಕಾರ್ಬನ್ನು, ಸವೆದ ಬುಷ್ಷು, ಅಂದರೆ ತಿರುಗುವ ದಂಡ ಕೂರುವ ಲೋಹದ ಬಳೆ.

ಫ್ಯಾನ್ ಬೆಲ್ಟ್ ಸಡಿಲಿಸಿ, ಮೂರು ಬೋಲ್ಟ್ ತೆಗೆದರೆ ಡೈನಮೋ ಕೈಗೆ ಬರುತ್ತದೆ. ಮೇಜಿನ ಮೇಲೆ ಹಳೇ ಪಂಚೆ ಹಾಸಿ ಇಟ್ಟೆ. ಎಣ್ಣೆ, ಧೂಳು, ಕಾರ್ಬನ್ ಪುಡಿ ಸೇರಿ ಬೆಂದ ಬೆಲ್ಲದ ಹಾಗೆ ಅಂಟಿಕೊಂಡಿತ್ತು. ಹಿಂದಿನಿಂದ ಮುಂದಿನವರೆಗೆ ಹಾದುಹೋಗುವ ಎರಡು ಉದ್ದ ಬೋಲ್ಟು ಬಿಚ್ಚಿದಾಗ ಹಿಂದಿನ ಮುಚ್ಚಳ ಕಳಚಿತು. ಅದರೊಳಗೆ ಎರಡು ಕಾರ್ಬನ್ ಬ್ರಷ್ ಇರುತ್ತವೆ. ತಿರುಗುವ ಭಾಗದ ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಉರುಳೆ ಇರುತ್ತದೆ, ಅದೇ ಕಮ್ಯುಟೇಟರ್. ಸ್ಪ್ರಿಂಗ್ ಬ್ರಷ್ಷುಗಳನ್ನು ಸದಾ ಅದರ ತಾಮ್ರದ ಮೇಲೆ ಒತ್ತುತ್ತಿರಬೇಕು, ವಿದ್ಯುತ್ತು ಹೊರಗೆ ಬರುವುದು ಅವುಗಳ ಮೂಲಕವೇ. ನನ್ನದರಲ್ಲಿ ಒಂದು ಬ್ರಷ್ ಕಡಲೆಬೀಜದಷ್ಟು ಉಳಿದಿತ್ತು. ಸ್ಪ್ರಿಂಗಿನ ತುದಿ ಬ್ರಷ್ಷನ್ನು ಬಿಟ್ಟು ಅದರ ಗೂಡಿನ ಅಂಚಿನ ಮೇಲೆ ಕೂತಿತ್ತು. ಬಿಳಿಕೆರೆಯಲ್ಲಿ ದೀಪ ಹತ್ತಿದ್ದು ಯಾಕೆ ಅಂತ ಅಲ್ಲೇ ಗೊತ್ತಾಯಿತು.

ಆರ್ಮೇಚರನ್ನು, ಅಂದರೆ ಒಳಗೆ ತಿರುಗುವ ಸುರುಳಿಯ ಭಾಗವನ್ನು, ಹೊರಗೆಳೆದೆ. ಅದರ ಕಬ್ಬಿಣದ ಮೈಮೇಲೆ ಒಂದು ಕಡೆ ಕನ್ನಡಿಯಂತೆ ಹೊಳೆಯುವ ಗೀರು. ಹಿಂದಿನ ಬುಷ್ ಸವೆದು, ಆರ್ಮೇಚರ್ ಜೋತು, ಒಳಗಿನ ಕಾಂತದ ತುಂಡಿಗೆ ಉಜ್ಜಿದ ಗುರುತು ಅದು. ಇನ್ನೊಂದಷ್ಟು ದಿನ ಓಡಿಸಿದ್ದರೆ ಸುರುಳಿಯೇ ಹರಿದುಹೋಗುತ್ತಿತ್ತು. ಮೂಗಿನ ಹತ್ತಿರ ಹಿಡಿದು ಮೂಸಿದೆ. ಸುಟ್ಟ ವಾರ್ನಿಷ್ ವಾಸನೆ ಇರಲಿಲ್ಲ. ಮೂಸುವುದು ಬಹಳ ಒಳ್ಳೆಯ ಪರೀಕ್ಷೆ, ಖರ್ಚೂ ಇಲ್ಲ.

ಆದರೂ ಸಮಾಧಾನಕ್ಕೆ ವೈಂಡಿಂಗ್ ಅಂಗಡಿಗೆ ಒಯ್ದೆ. ಅಲ್ಲಿ ಗ್ರೌಲರ್ ಅನ್ನುವ ಒಂದು ಉಪಕರಣವಿದೆ. ಆರ್ಮೇಚರನ್ನು ಅದರ ತೊಡೆಯ ಮೇಲೆ ಮಲಗಿಸಿ, ಮೇಲೊಂದು ಹ್ಯಾಕ್ಸಾ ಬ್ಲೇಡ್ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ. ಸುರುಳಿಯೊಳಗೆ ಎಲ್ಲಾದರೂ ಷಾರ್ಟ್ ಆಗಿದ್ದರೆ ಬ್ಲೇಡು ಆ ಜಾಗದಲ್ಲಿ ಗುಂಯ್ ಅಂತ ನಡುಗುತ್ತದೆ. ನಮ್ಮದು ನಡುಗಲಿಲ್ಲ. ಪೀಪಾಯಿಯೊಳಗೆ ಕಬ್ಬಿಣವನ್ನು ಕಾಂತ ಮಾಡುವ ಸುರುಳಿಯನ್ನೂ, ಅಂದರೆ ಫೀಲ್ಡ್ ಕಾಯಿಲನ್ನೂ ಅಳೆದರು, 6 ಓಮ್ ಚಿಲ್ಲರೆ, ಇರಬೇಕಾದ್ದೇ. ‘ಇದನ್ನ ಎಸೆದು ಆಲ್ಟರ್ನೇಟರ್ ಹಾಕ್ಸಿ ಸಾರ್, ಒಂದೇ ದಿನದ ಕೆಲಸ’ ಅಂದರು ಅಂಗಡಿಯವರು. ಈಗಿನ ಕಾರುಗಳಲ್ಲಿ ಡೈನಮೋ ಬದಲು ಇರುವುದು ಅದೇ. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಬೇಕಾಗಿದ್ದು ಒಂದೇ ದಿನದ ಕೆಲಸವಾಗಿರಲಿಲ್ಲ, ಅಷ್ಟೆ.

ಕಮ್ಯುಟೇಟರಿನ ತಾಮ್ರದಲ್ಲಿ ಬ್ರಷ್ ಕೂತ ಜಾಗ ಬಾವಿ ಕಟ್ಟೆಯ ಮೇಲೆ ಹಗ್ಗ ಕೊರೆದ ಹಾಗೆ ಹಳ್ಳವಾಗಿತ್ತು. ಲೇತ್‌ನಲ್ಲಿ ಕೂದಲಷ್ಟು ಕೂದಲಷ್ಟೇ ತೆಗೆಸಿದೆ. ಆಮೇಲಿನ ಕೆಲಸ ನನ್ನದೇ. ತಾಮ್ರದ ಪಟ್ಟಿ ಪಟ್ಟಿಯ ನಡುವೆ ಅಭ್ರಕ ಇರುತ್ತದೆ. ತಾಮ್ರ ಬೇಗ ಸವೆಯುತ್ತದೆ, ಅಭ್ರಕ ಸವೆಯುವುದಿಲ್ಲ. ಹಾಗೇ ಬಿಟ್ಟರೆ ಅದು ಎದ್ದು ನಿಂತು ಬ್ರಷ್ಷನ್ನು ಎತ್ತಿ ಎತ್ತಿ ಹಾಕುತ್ತದೆ, ಕಿಡಿ ಹಾರುತ್ತದೆ. ಅದಕ್ಕೆ ಅಭ್ರಕವನ್ನು ತಾಮ್ರದ ಮಟ್ಟಕ್ಕಿಂತ ಸುಮಾರು 0.8 ಮಿಲಿಮೀಟರ್ ಕೆಳಕ್ಕೆ ಕೆರೆಯಬೇಕು. ಹ್ಯಾಕ್ಸಾ ಬ್ಲೇಡಿನ ಹಲ್ಲುಗಳ ಅಕ್ಕಪಕ್ಕ ಉಜ್ಜಿ, ಅಭ್ರಕದ ದಪ್ಪಕ್ಕೆ ಸರಿಮಾಡಿಕೊಂಡು, ವರಾಂಡದಲ್ಲಿ ಕೂತು ಒಂದೊಂದೇ ಸಂದು ಕೆರೆದೆ. ಎರಡು ಸಂಜೆ ಹಿಡಿಯಿತು. ಮನೆಯವರು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, ‘ಎರಡೂ ಒಂದೇ ಥರದ ಕೆಲಸ, ನನ್ನದು ತಿನ್ನಬಹುದು’ ಅಂದರು. ಕೊನೆಗೆ ನಯ ಮಾಡಲು ಗಾಜಿನ ಪೇಪರನ್ನೇ ಬಳಸಬೇಕು, ಎಮರಿ ಬಾರದು. ಎಮರಿಯ ಪುಡಿ ತಾಮ್ರದಲ್ಲಿ ಹೂತುಕೊಂಡು ಬ್ರಷ್ಷನ್ನು ತಿನ್ನುತ್ತದೆ.

ಹಿಂದಿನ ಬುಷ್ ತೆಗೆಯುವುದಕ್ಕೆ ಒಂದು ಹಳೇ ಉಪಾಯವಿದೆ. ಅದರೊಳಗೆ 5/8 ಇಂಚಿನ ಟ್ಯಾಪನ್ನು, ಅಂದರೆ ತೂತಿನೊಳಗೆ ಸ್ಕ್ರೂವಿನ ಮರೆ ಕೊರೆಯುವ ಉಪಕರಣವನ್ನು, ನಾಲ್ಕು ಸುತ್ತು ತಿರುಗಿಸಿ ಕಚ್ಚಿಸಿ, ಟ್ಯಾಪಿನ ಸಮೇತ ಎಳೆದರೆ ಬಾಟಲಿಯ ಬಿರಡೆಯ ಹಾಗೆ ಬರುತ್ತದೆ. ಹೊಸ ಬುಷ್ ಕಂಚಿನದು, ಆದರೆ ಗಟ್ಟಿ ಕಂಚಲ್ಲ, ಸ್ಪಂಜಿನ ಹಾಗೆ ಮೈತುಂಬ ಸಣ್ಣ ರಂಧ್ರ. ಹಾಕುವ ಮುಂಚೆ ಇಡೀ ಒಂದು ದಿನ ಇಂಜಿನ್ ಆಯಿಲ್‌ನಲ್ಲಿ ನೆನೆಹಾಕಬೇಕು, ಹುಣಸೆಹಣ್ಣು ನೆನೆಹಾಕಿದ ಹಾಗೆ. ಬಿಗಿಯಾಯಿತು ಅಂತ ಒಳಗೆ ತೂತು ಹಿಗ್ಗಿಸುವ ರೀಮರ್ ಆಡಿಸಿದಿರೋ, ರಂಧ್ರಗಳೆಲ್ಲ ಮುಚ್ಚಿಕೊಂಡು ಎಣ್ಣೆ ಒಸರುವುದು ನಿಂತುಹೋಗುತ್ತದೆ.

ಇನ್ನು ಬಣ್ಣ. ಆಯುಧಪೂಜೆಗೆ ಕಾರು ಹೊರಗೆ ತೆಗೆಯಬೇಕೆಂಬ ಆಸೆ, ಬಾನೆಟ್ ತೆಗೆದರೆ ನೋಡಿದವರು ಬೆರಗಾಗಬೇಕೆಂಬ ದುರಾಸೆ. ಪೌಡರ್ ಕೋಟಿಂಗ್ ಮಾಡಿಸಿ ಅಂದರು ಒಬ್ಬರು. ಅದು ಒಲೆಯಲ್ಲಿಟ್ಟು ಬೇಯಿಸುವ ಬಣ್ಣ. ಒಳಗೆ ಹತ್ತಿ ಪಟ್ಟಿ ಸುತ್ತಿದ ಫೀಲ್ಡ್ ಕಾಯಿಲ್ ಇರುವಾಗ ಆ ಶಾಖ ಕೊಡುವ ಹಾಗಿಲ್ಲ. ಕಾಯಿಲ್ ಬಿಚ್ಚಬೇಕಾದರೆ ಕಾಂತದ ತುಂಡುಗಳನ್ನು ಹಿಡಿದಿರುವ ದಪ್ಪ ಸ್ಕ್ರೂ ತೆಗೆಯಬೇಕು. ಚೆನ್ನಾಗಿರುವ ಕಾಯಿಲನ್ನು ಬಣ್ಣದ ಚಂದಕ್ಕೋಸ್ಕರ ಕದಲಿಸುವುದು ಬೇಡವೆಂದು, ಬೇಯಿಸದೆ ಗಾಳಿಯಲ್ಲೇ ಒಣಗುವ ಡ್ಯೂಕೋ ಪೇಂಟೇ ಹಿಡಿದೆ. ಪೀಪಾಯಿಗೆ ಕಪ್ಪು, ಮುಚ್ಚಳಗಳ ಅಲ್ಯುಮಿನಿಯಂ ಬರಿಮೈ.

ತಂತಿ ಬ್ರಷ್ಷಿನಿಂದ ಉಜ್ಜುವಾಗ ಪೀಪಾಯಿಯ ಮೇಲೆ ಅಕ್ಷರ ಕಾಣಿಸಿಕೊಂಡವು. ಮಾದರಿಯ ಹೆಸರು, 12 ವೋಲ್ಟ್, ಪಕ್ಕದಲ್ಲಿ 9, 53. ಅಂದರೆ 1953ರ ಸೆಪ್ಟೆಂಬರಿನಲ್ಲಿ ತಯಾರಾದದ್ದು. ಆ ಒತ್ತಿನೊಳಗೆ ಬಣ್ಣ ತುಂಬಿ ಮುಚ್ಚಿಹೋಗದ ಹಾಗೆ ಅಲ್ಲಿ ಮಾತ್ರ ತೆಳುವಾಗಿ ಎರಡು ಪದರ ಹೊಡೆದೆ. ಮೊದಲ ಸಲ ಆಷಾಢದ ಜಿನುಗು ಮಳೆಯಲ್ಲೇ ಹೊಡೆದು ಕೆಟ್ಟೆ. ಥಂಡಿ ಹಿಡಿದು ಕಪ್ಪು ಬಣ್ಣದ ಮೇಲೆ ವಿಭೂತಿ ಬಳಿದ ಹಾಗೆ ಬೂದು ಕಟ್ಟಿತು. ಎಲ್ಲ ಉಜ್ಜಿ ತೆಗೆದು, ಬಿಸಿಲು ಬಂದ ದಿನ ಮತ್ತೆ ಹೊಡೆದೆ. ಈ ಸಲ ಎಷ್ಟು ಚೆನ್ನಾಗಿ ಬಂತೆಂದರೆ, ಉತ್ಸಾಹ ತಡೆಯಲಾರದೆ ಡೈನಮೋ ಕೂರುವ ಇಂಜಿನ್ನಿನ ಕಬ್ಬಿಣದ ಬ್ರ್ಯಾಕೆಟ್ಟಿಗೂ, ಬೋಲ್ಟು ಹಾಯುವ ಮುಚ್ಚಳದ ಕಿವಿಗಳಿಗೂ, ಬೋಲ್ಟಿನ ತಲೆಗೂ ಹೊಡೆದುಬಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ.

ಜೋಡಿಸುವಾಗ ಬ್ರಷ್ಷುಗಳನ್ನು ಗೂಡಿನಲ್ಲಿ ಮೇಲಕ್ಕೆತ್ತಿ, ಸ್ಪ್ರಿಂಗನ್ನು ಅವುಗಳ ಪಕ್ಕಕ್ಕೆ ಒತ್ತಿಸಿ ನಿಲ್ಲಿಸಬೇಕು. ಮುಚ್ಚಳ ಇನ್ನು ಅರ್ಧ ಇಂಚು ಕೂರಬೇಕು ಅನ್ನುವಾಗ ಗಾಳಿಯಾಡುವ ಕಿಂಡಿಯಿಂದ ತೆಳು ಸ್ಕ್ರೂಡ್ರೈವರ್ ತೂರಿಸಿ ಸ್ಪ್ರಿಂಗನ್ನು ಬ್ರಷ್ಷಿನ ತಲೆಗೆ ಎತ್ತಿ ಹಾಕಿದರೆ ಟಕ್ ಅಂತ ಸದ್ದು. ಆ ಎರಡು ಟಕ್ ಕೇಳುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ.

ಇಲ್ಲಿ ಹೆಪ್ಪಿನ ಮಾತು ಬರುತ್ತದೆ. ಕಾಂತದ ಮುಂದೆ ತಂತಿ ಅಲುಗಿದರೆ ವಿದ್ಯುತ್ತು ಹುಟ್ಟುತ್ತದೆ ಅಂತ ಫ್ಯಾರಡೆ 1831ರಲ್ಲಿ ತೋರಿಸಿದರು. ಆದರೆ ಈ ಡೈನಮೋದಲ್ಲಿ ಶಾಶ್ವತ ಕಾಂತವೇ ಇಲ್ಲ, ಇರುವುದು ಕಬ್ಬಿಣಕ್ಕೆ ಸುತ್ತಿದ ತಂತಿ. ಕಾಂತವಾಗಬೇಕಾದರೆ ವಿದ್ಯುತ್ತು ಬೇಕು, ವಿದ್ಯುತ್ತು ಹುಟ್ಟಬೇಕಾದರೆ ಕಾಂತ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಬರ್ಲಿನ್ನಿನ ವರ್ನರ್ ಸೀಮೆನ್ಸ್ ಮತ್ತು ಇಂಗ್ಲೆಂಡಿನ ವೀಟ್‌ಸ್ಟನ್ ಇದಕ್ಕೆ ಬೇರೆ ಬೇರೆಯಾಗಿಯೇ ಒಂದೇ ಉತ್ತರ ಕಂಡುಕೊಂಡರು. 1867ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಒಂದೇ ಸಭೆಯಲ್ಲಿ ಇಬ್ಬರ ಪ್ರಬಂಧಗಳೂ ಓದಲ್ಪಟ್ಟವು. ಹಿಂದಿನ ಸಲ ಕಾಂತವಾಗಿದ್ದ ಕಬ್ಬಿಣದಲ್ಲಿ ಒಂದಿಷ್ಟು ಕಾಂತತ್ವ ಉಳಿದಿರುತ್ತದೆ. ಆ ಉಳಿಕೆಯಿಂದ ಚೂರು ವಿದ್ಯುತ್ತು, ಅದನ್ನು ಸುರುಳಿಗೆ ತಿನ್ನಿಸಿದರೆ ಇನ್ನಷ್ಟು ಕಾಂತ, ಅದರಿಂದ ಮತ್ತಷ್ಟು ವಿದ್ಯುತ್ತು. ನಿನ್ನೆಯ ಪಾತ್ರೆಯಲ್ಲಿ ಉಳಿದ ಒಂದು ಚಮಚ ಮೊಸರು ಇವತ್ತಿನ ಹಾಲನ್ನೆಲ್ಲ ಮೊಸರು ಮಾಡಿದ ಹಾಗೆ. ಪಾಠ ಮಾಡುವಾಗ ಈ ಹೋಲಿಕೆ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಎಷ್ಟೋ ಮಕ್ಕಳು ಪಾರಾಗುತ್ತಿದ್ದರು.

ಬಹಳ ದಿನ ಬಿಚ್ಚಿಟ್ಟು, ತಟ್ಟಿ ಕುಟ್ಟಿದ ಡೈನಮೋದಲ್ಲಿ ಹೆಪ್ಪು ಸತ್ತಿರಬಹುದು. ಆಗ ಪಕ್ಕದ ಮನೆಯಿಂದ ತರಬೇಕು, ಅಂದರೆ ಬ್ಯಾಟರಿಯಿಂದ. ಈ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ, ಈಗಿನ ಕಾರಿಗೆ ತದ್ವಿರುದ್ಧ. ಉಲ್ಟಾ ಕೊಟ್ಟರೆ ಹೆಪ್ಪೂ ಉಲ್ಟಾ ಆಗಿ, ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟ್‌ಔಟ್ ಪೆಟ್ಟಿಗೆಯ ಪಾಯಿಂಟು ಸುಟ್ಟುಹೋಗುತ್ತದೆ. ನಾನು ಎರಡೆರಡು ಸಲ ನೋಡಿ, ಪಾಸಿಟಿವ್ ತಂತಿಯನ್ನು ಡೈನಮೋದ ಬರಿಮೈ ಮುಚ್ಚಳಕ್ಕೂ, ನೆಗೆಟಿವ್ ತಂತಿಯನ್ನು ಒಟ್ಟಿಗೆ ಕಟ್ಟಿದ ಡಿ ಮತ್ತು ಎಫ್ ಟರ್ಮಿನಲ್ಲಿಗೂ ಕೊಟ್ಟೆ. ಡಿ ಅಂದರೆ ಬ್ರಷ್ಷಿನ ತುದಿ, ಎಫ್ ಅಂದರೆ ಫೀಲ್ಡ್ ಕಾಯಿಲಿನ ತುದಿ. ಹೀಗೆ ಕೊಟ್ಟರೆ ಡೈನಮೋ ಮೋಟಾರಾಗಿ ತಾನೇ ತಿರುಗಬೇಕು. ತಿರುಗಿತು. ಮೇಜಿನ ಮೇಲೆ, ಬೆಲ್ಟಿಲ್ಲದೆ, ಇಂಜಿನ್ನಿಲ್ಲದೆ. ಮೊಮ್ಮಗಳು ಚಪ್ಪಾಳೆ ತಟ್ಟಿದಳು, ನಾನೂ ತಟ್ಟಿದೆ.

ಕಾರಿಗೆ ಹಾಕಿದೆ. ಕೆಂಪು ದೀಪ ಆರಲಿಲ್ಲ.

ಮೂರು ದಿನ ತಲೆ ಕೆಡಿಸಿಕೊಂಡೆ. ಕಟ್‌ಔಟ್ ಪೆಟ್ಟಿಗೆಯನ್ನು ಅನುಮಾನಿಸಿದೆ, ಬೆಲ್ಟನ್ನು ಬಿಗಿಮಾಡಿದೆ, ತಂತಿಗಳನ್ನು ಒಂದೊಂದೇ ಎಳೆದು ನೋಡಿದೆ. ಮೇಜಿನ ಮೇಲೆ ತಿರುಗಿದ ಯಂತ್ರ ಕಾರಿನಲ್ಲಿ ಯಾಕೆ ಮುನಿಸಿಕೊಳ್ಳಬೇಕು? ಮೂರನೇ ದಿನ ರಾತ್ರಿ ಮಲಗಿದಾಗ ಹೊಳೆಯಿತು. ಮೇಜಿನ ಮೇಲೆ ತಂತಿಯನ್ನು ಹಿಡಿಸಿದ್ದು ಬರಿಮೈ ಅಲ್ಯುಮಿನಿಯಂಗೆ. ಕಾರಿನಲ್ಲಿ ಆ ಎರಡನೇ ತಂತಿಯೇ ಇಲ್ಲ. ಡೈನಮೋದ ಮೈಯೇ ತಂತಿ, ಕಿವಿಯಿಂದ ಬ್ರ್ಯಾಕೆಟ್ಟಿಗೆ, ಬ್ರ್ಯಾಕೆಟ್ಟಿನಿಂದ ಇಂಜಿನ್ನಿಗೆ ಅದರ ದಾರಿ. ಆ ದಾರಿಗೆ ನಾನು ಎರಡು ಕಡೆಯಿಂದಲೂ ಅಂದವಾದ ಕಪ್ಪು ಬಣ್ಣದ ಬೇಲಿ ಹಾಕಿದ್ದೆ.

ಬೆಳಗಾಗುವುದನ್ನೇ ಕಾದು, ಇಂಜಿನ್ ಓಡುವಾಗ ಒಂದು ತುಂಡು ತಂತಿಯ ಒಂದು ತುದಿಯನ್ನು ಡೈನಮೋದ ಮುಚ್ಚಳಕ್ಕೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಮುಟ್ಟಿಸಿದೆ. ಒಳಗೆ ಕೂತಿದ್ದ ಮನೆಯವರು, ‘ಆರ್ತು, ಆರ್ತು’ ಅಂತ ಕೂಗಿದರು. ತಂತಿ ತೆಗೆದೆ. ‘ಹತ್ತಿತು.’

ಮತ್ತೆ ಬಿಚ್ಚಿ, ಕಿವಿಗಳಲ್ಲಿ, ಬ್ರ್ಯಾಕೆಟ್ಟಿನಲ್ಲಿ, ಬೋಲ್ಟಿನ ತಲೆಯ ಕೆಳಗೆ ನಾಲ್ಕಾಣೆ ಬಿಲ್ಲೆಯಗಲ ಬಣ್ಣ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ, ತುಕ್ಕು ಹಿಡಿಯದಿರಲೆಂದು ಚೂರು ವ್ಯಾಸಲೀನ್ ಸವರಿ ಬಿಗಿದೆ. ಆಯುಧಪೂಜೆಯ ದಿನ ಕುಂಕುಮ ಇಡುವಾಗ ಪಕ್ಕದ ಮನೆಯವರು ಬಗ್ಗಿ ನೋಡಿ, ‘ಇಷ್ಟು ಚೆನ್ನಾಗಿ ಪೇಂಟ್ ಮಾಡಿ ಇಲ್ಲೊಂದು ಕಡೆ ಯಾಕೆ ಬಿಟ್ಟಿದ್ದೀರಿ?’ ಅಂತ ಕೇಳಿದರು.

ಬಾನುಲಿ ಕೇಳುವವರಿಗೆ ಕೊನೆಯದಾಗಿ ಒಂದು ವಿಷಯ. ಡೈನಮೋದ ಬ್ರಷ್ಷಿನಲ್ಲಿ ಕಿಡಿ ಹಾರುತ್ತಿದ್ದರೆ ಅದು ರೇಡಿಯೋದಲ್ಲಿ ಕೇಳಿಸುತ್ತದೆ. ಮೀಡಿಯಂ ವೇವ್ ಟ್ರಾನ್ಸಿಸ್ಟರನ್ನು ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುಗಿಸಿ ಬಾನೆಟ್ಟಿನ ಹತ್ತಿರ ಇಟ್ಟರೆ, ಇಂಜಿನ್ನಿನ ವೇಗ ಏರಿದ ಹಾಗೆ ಒಂದು ಕೀರಲು ದನಿಯೂ ಏರುತ್ತದೆ. ನಮ್ಮದರಲ್ಲಿ ಮೊದಲ ದಿನ ಜೋರಾಗಿಯೇ ಇತ್ತು. ಹೊಸ ಬ್ರಷ್ಷು ಕಮ್ಯುಟೇಟರಿನ ಗುಂಡಗೆ ಸರಿಯಾಗಿ ಕೂರಲು ಕಾಲ ಬೇಕು. ನಿನ್ನೆ ಸಂಜೆ ಮತ್ತೆ ಇಟ್ಟು ಕೇಳಿದೆ. ಕಮ್ಮಿಯಾಗಿದೆ, ಪೂರಾ ಹೋಗಿಲ್ಲ. ಬಾನೆಟ್ ಮುಚ್ಚಿ, ಟ್ರಾನ್ಸಿಸ್ಟರನ್ನು ಬೆಂಗಳೂರು ಕೇಂದ್ರಕ್ಕೆ ತಿರುಗಿಸಿಕೊಂಡು ಒಳಗೆ ಹೋದೆ, ವಾರ್ತೆಯ ಹೊತ್ತಾಗಿತ್ತು.

ನಮಸ್ಕಾರ.