ಎತ್ತರಕ್ಕೆ ತೆರೆ ಎಳೆಯುವ ಹಾರ್ಮೋನ್

ಕೇಳುಗರೇ, ನಮಸ್ಕಾರ.

ಹರೆಯ ಬಂದ ಹುಡುಗರು ಸರಸರನೆ ಉದ್ದ ಆಗ್ತಾರೆ. ಕೆಲವೇ ವರ್ಷ. ಆಮೇಲೆ ನಿಂತುಬಿಡುತ್ತದೆ. ನಿಲ್ಲಿಸುವುದು ಯಾವುದು? ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಇರಬೇಕು ಅನ್ನಿಸುತ್ತದೆ, ಅಲ್ವಾ? ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು.

1994ರಲ್ಲಿ ಒಂದು ವರದಿ ಬಂತು. 28 ವರ್ಷದ ಒಬ್ಬ ಗಂಡಸು, ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಎಕ್ಸ್-ರೇ ನೋಡಿದರೆ ಮೂಳೆಗೆ ಬರೀ 15ರ ವಯಸ್ಸು! ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಈಸ್ಟ್ರೋಜನ್ ಹಿಡಿಯುವ ರಿಸೆಪ್ಟರ್. ಹೌದು, ಹೆಣ್ಣು ಹಾರ್ಮೋನ್ ಅಂತ ನಾವು ಪಕ್ಕಕ್ಕಿಟ್ಟಿದ್ದ ಅದೇ ಈಸ್ಟ್ರೋಜನ್. ಗಂಡಸರಲ್ಲಿ ಅರೋಮಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನನ್ನೇ ಒಂದಿಷ್ಟು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಈ ಕಿಣ್ವವೇ ಇಲ್ಲದ ಗಂಡಸರೂ ಹೀಗೆ ಬೆಳೆಯುತ್ತಾ ಹೋಗುತ್ತಾರೆ. ಅವರಿಗೆ ಈಸ್ಟ್ರೋಜನ್ ಕೊಟ್ಟರೆ ಬೆಳವಣಿಗೆ ನಿಲ್ಲುತ್ತದೆ.

ಇದೆಲ್ಲ ನಡೆಯುವ ಜಾಗ ಉದ್ದ ಮೂಳೆಗಳ ತುದಿ. ಅಲ್ಲಿ ಮೃದ್ವಸ್ಥಿಯ ತೆಳು ಪದರ ಇದೆ. ಮೂಗಿನ ತುದಿ ಒತ್ತಿದರೆ ಕೈಗೆ ಸಿಗುತ್ತದಲ್ಲ, ಆ ಜಾತಿಯದ್ದೇ. ಪದರದ ಒಂದು ಬದಿ ಮೀಸಲು ಕೋಶಗಳು ಸುಮ್ನೆ ಕೂತಿರುತ್ತವೆ. ಅವುಗಳಿಂದ ಹುಟ್ಟಿದ ಕೋಶಗಳು ನಾಣ್ಯ ಪೇರಿಸಿದ ಹಾಗೆ ಸಾಲುಗಟ್ಟಿ, ಒಂದೊಂದೂ ಒಡೆದು ಎರಡಾಗುತ್ತವೆ, ಉಬ್ಬುತ್ತವೆ, ಕೊನೆಗೆ ಆ ಜಾಗದಲ್ಲಿ ಮೂಳೆ ಬರುತ್ತದೆ.

'ಒಡೆ' ಎಂಬ ಸಂಕೇತ ತರುವುದರಲ್ಲಿ ಐಜಿಎಫ್-1 ಎಂಬ ಪ್ರೋಟೀನ್ ಮುಖ್ಯ. ಅದು ಕೋಶದ ಹೊರಗಿನ ರಿಸೆಪ್ಟರನ್ನು ಮುಟ್ಟುತ್ತದೆ. ಈಸ್ಟ್ರೋಜನ್ ಹಾಗಲ್ಲ, ಅದು ಸ್ಟೀರಾಯ್ಡ್ ಎಂಬ ಗುಂಪಿನ ಹಾರ್ಮೋನ್. ಸ್ಟೀರಾಯ್ಡ್‌ಗೆ ಕೊಬ್ಬಿನ ಗುಣ. ಪೊರೆ ದಾಟಿ ಒಳಗೇ ನುಗ್ಗಿ ಜೀನುಗಳನ್ನು ಎಬ್ಬಿಸುತ್ತದೆ, ಇಲ್ಲವೇ ಮಲಗಿಸುತ್ತದೆ. ಹರೆಯದ ಶುರುವಿನಲ್ಲಿ ಈಸ್ಟ್ರೋಜನ್ ಸ್ವಲ್ಪವೇ ಇರುತ್ತದೆ. ಆಗ ಅದು ಬೆಳವಣಿಗೆ ಹಾರ್ಮೋನನ್ನು ಏರಿಸುತ್ತದೆ, ಅದರ ಹಿಂದೆ ಐಜಿಎಫ್-1 ಏರುತ್ತದೆ. ಜಾಸ್ತಿಯಾಗಿ, ವರ್ಷಗಟ್ಟಲೆ ಇದ್ದರೆ ಮೀಸಲು ಕೋಶಗಳು ಬೇಗ ಖಾಲಿಯಾಗುತ್ತವೆ. ಪದರ ಮುಚ್ಚುತ್ತದೆ. ಎತ್ತರ ಏರಿಸಿದ್ದೂ ಅದೇ, ನಿಲ್ಲಿಸಿದ್ದೂ ಅದೇ. ಹುಡುಗಿಯರಲ್ಲಿ ಇದು ಬೇಗ ಏರುತ್ತದೆ, ಅದಕ್ಕೇ ಅವರ ಬೆಳವಣಿಗೆ ಮೊದಲು ಮುಗಿಯುತ್ತದೆ.

ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಔಷಧಿಯ ದಾರಿಯೇ ಬೇರೆ. ಹೆಚ್ಚು ದಿನ ಕೊಟ್ಟರೆ ಐಜಿಎಫ್-1ರ ಕೆಲಸ ಕುಗ್ಗುತ್ತದೆ, ಕೋಶಗಳು ನಿಧಾನವಾಗಿ ಒಡೆಯುತ್ತವೆ, ಕೆಲವು ಸಾಯುತ್ತವೆ. ಆದರೆ ಮೀಸಲು ಅಷ್ಟಾಗಿ ಖರ್ಚಾಗುವುದಿಲ್ಲ. ಹಾಗಾಗಿ ಔಷಧಿ ನಿಂತ ಮೇಲೆ ಎಷ್ಟೋ ಮಕ್ಕಳು ಹಿಂದೆ ಬಿದ್ದ ಬೆಳವಣಿಗೆಯನ್ನು ಸಾಕಷ್ಟು ಹಿಡಿದುಬಿಡುತ್ತಾರೆ. ಅಸ್ತಮಾಗೆ ದಿನಾ ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ಮಕ್ಕಳಲ್ಲಿ ಕೊನೆಯ ಎತ್ತರದ ವ್ಯತ್ಯಾಸ ಸುಮಾರು 1 ಸೆಂಟಿಮೀಟರ್ ಅಷ್ಟೇ. ಉಸಿರಿನ ಮುಂದೆ ಅದು ದೊಡ್ಡದಲ್ಲ ಅಂತ ನನ್ನ ಅನಿಸಿಕೆ. ಮಾತ್ರೆಯನ್ನಂತೂ ಹೆದರಿ ತಟ್ಟನೆ ಬಿಡಿಸಬಾರದು. ಬಹಳ ದಿನ ತೆಗೆದುಕೊಂಡಿದ್ದರೆ ದೇಹ ತನ್ನದೇ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಮಾಡುವುದನ್ನೇ ಕಡಿಮೆ ಮಾಡಿರುತ್ತದೆ. ವೈದ್ಯರು ಡೋಸ್ ಮೆಲ್ಲಗೆ ಇಳಿಸುವುದು ಅದಕ್ಕೇ.